ಕಡತಕ್ಕೆ ಎಲ್ಲಿ ಭದ್ರತೆ? — ಮಿಶ್ರ ಮೇಘದ ಪರಿಚಯ

ಹಳೆಯ ಮೈಸೂರು ಸೀಮೆಯ ಒಕ್ಕಲು ಮನೆಗಳಲ್ಲಿ ರಾಗಿಯನ್ನು ಕೂಡಿಡುತ್ತಿದ್ದ ಕ್ರಮವನ್ನು ನಮ್ಮ ವಾಚಕರಲ್ಲಿ ಅನೇಕರು ಹಿರಿಯರ ಬಾಯಿಂದ ಕೇಳಿರಬಹುದು. ದಿನಬಳಕೆಗೆ ಬೇಕಾದಷ್ಟು ಧಾನ್ಯ ಮನೆಯೊಳಗಿನ ವಾಡೆಯಲ್ಲಿ ಇರುತ್ತಿತ್ತು. ವರುಷಗಟ್ಟಲೆ ಕೆಡದೆ ಉಳಿಯಬೇಕಾದುದು ನೆಲದಲ್ಲಿ ತೋಡಿದ ಹಗೇವಿನೊಳಗೆ ಸೇರುತ್ತಿತ್ತು. ಮನೆಯಲ್ಲಿ ಹಿಡಿಸದಷ್ಟು ಬೆಳೆ ಬಂದಾಗ ಮಿಕ್ಕುದನ್ನು ಪಟ್ಟಣದ ಉಗ್ರಾಣದಲ್ಲಿಟ್ಟು, ಬಾಡಿಗೆ ತೆತ್ತು, ರಸೀತಿ ಪಡೆಯುವುದುಂಟು. ಮನೆಯ ಯಜಮಾನನ ಜಾಣ್ಮೆಯೆಲ್ಲ ಒಂದು ನಿರ್ಣಯದಲ್ಲಿ ಅಡಗಿತ್ತು: ಯಾವುದನ್ನು ಕೈಯಳತೆಯಲ್ಲಿ ಇಡಬೇಕು? ಯಾವುದನ್ನು ಹೂಳಿಡಬೇಕು? ಯಾವುದನ್ನು ಪರರ ಉಗ್ರಾಣಕ್ಕೆ ಕಳುಹಿಸಬಹುದು?

ಇಂದು ಗಣಕಯಂತ್ರದಲ್ಲಿ ಕಡತಗಳನ್ನು ಕೂಡಿಡುವವರೆಲ್ಲರ ಮುಂದೆಯೂ ಇದೇ ಪ್ರಶ್ನೆ ನಿಂತಿದೆ. ಅದಕ್ಕೆ ದೊರೆತಿರುವ ಉತ್ತರಗಳಲ್ಲಿ ಮುಖ್ಯವಾದುದು ಹೈಬ್ರಿಡ್ ಕ್ಲೌಡ್, ಅಂದರೆ ಮಿಶ್ರ ಮೇಘ. ಇದರ ತತ್ತ್ವವೇನು, ಪ್ರಯೋಜನವೇನು, ಅಪಾಯವೇನು ಎಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ರೈತರೆಲ್ಲರೂ ಬಲ್ಲ ಒಂದು ಕಾಗದವನ್ನೇ, ಎಂದರೆ ಹೊಲದ ಪಹಣಿಯನ್ನೇ, ಉದಾಹರಣೆಗೆ ತೆಗೆದುಕೊಳ್ಳೋಣ.

ಮೇಘವೆಂದರೇನು?

ಮೊದಲು ಒಂದು ತಪ್ಪು ಕಲ್ಪನೆಯನ್ನು ದೂರಮಾಡಬೇಕು. ಮೇಘವೆಂಬ ಹೆಸರನ್ನು ಕೇಳಿ, ನಮ್ಮ ಕಡತಗಳು ಆಕಾಶದಲ್ಲೆಲ್ಲೋ ತೇಲುತ್ತಿವೆಯೆಂದು ಭಾವಿಸಲಾಗದು. ಅವು ಇರುವುದು ನೆಲದ ಮೇಲೆಯೇ. ಸಾವಿರಾರು ಗಣಕಯಂತ್ರಗಳನ್ನು ಸಾಲುಸಾಲಾಗಿ ಜೋಡಿಸಿದ ದೊಡ್ಡ ಕಟ್ಟಡಗಳಿವೆ. ಅವುಗಳಿಗೆ ದತ್ತಾಂಶ ಕೇಂದ್ರಗಳೆಂದು ಹೆಸರು. ಅಲ್ಲಿ ಹಗಲಿರುಳು ವಿದ್ಯುತ್ತು ಬೇಕು. ಯಂತ್ರಗಳ ಕಾವನ್ನು ಹೊರಹಾಕಲು ತಂಪುಮಾಡುವ ಏರ್ಪಾಡು ಬೇಕು. ವಿದ್ಯುತ್ತು ನಿಂತರೆ ಒಡನೆ ನೆರವಿಗೆ ಬರುವ ಬ್ಯಾಟರಿಗಳೂ ಡೀಸೆಲ್ ಜನರೇಟರುಗಳೂ ಬೇಕು. ಇಂತಹ ಕೇಂದ್ರದ ಯಂತ್ರಶಕ್ತಿಯನ್ನೂ ಸಂಗ್ರಹಸ್ಥಳವನ್ನೂ ದೂರದಲ್ಲಿರುವವರು ಅಂತರ್ಜಾಲದ ಮೂಲಕ, ಬೇಕೆಂದಾಗ ಬೇಕಾದಷ್ಟು, ಅಳೆದು ಬಳಸುವ ವ್ಯವಸ್ಥೆಯೇ ಮೇಘ.

ಈ ವಿಚಾರ ಹೊಸದೇನೂ ಅಲ್ಲ. ವಿದ್ಯುತ್ತು, ನೀರುಗಳಂತೆ ಗಣನೆಯನ್ನೂ ಒಂದು ಸಾರ್ವಜನಿಕ ಸೌಕರ್ಯವಾಗಿ ಒದಗಿಸುವ ದಿನ ಬರಬಹುದೆಂದು ಅಮೆರಿಕದ ಜಾನ್ ಮೆಕಾರ್ಥಿ 1961ರಲ್ಲಿಯೇ ಸೂಚಿಸಿದ್ದರು. ಅದು ವ್ಯಾಪಾರದ ರೂಪದಲ್ಲಿ ಬಲವಾಗಿ ಬೇರೂರಿದುದು 2006ರಲ್ಲಿ ಅಮೆಜಾನ್ ಸಂಸ್ಥೆ ತನ್ನ ಎಸ್-3 ಎಂಬ ಸಂಗ್ರಹ ಸೇವೆಯನ್ನು ಆರಂಭಿಸಿದ ತರುವಾಯ. ಭಾರತ ಸರ್ಕಾರವೂ ತನ್ನ ಇಲಾಖೆಗಳಿಗಾಗಿ ಇಂತಹುದೊಂದು ವ್ಯವಸ್ಥೆಯನ್ನು ಕಟ್ಟಿ, ಅದಕ್ಕೆ ಮೇಘರಾಜ್ ಎಂದು ಅಂದವಾದ ಹೆಸರನ್ನಿಟ್ಟಿದೆ.

ಮೇಘಗಳಲ್ಲಿ ಬಗೆಗಳುಂಟು. ಒಂದೇ ಸಂಸ್ಥೆಯ ಉಪಯೋಗಕ್ಕೆಂದು ಮೀಸಲಾದುದು ಖಾಸಗಿ ಮೇಘ. ಬಾಡಿಗೆ ಕೊಡುವ ಯಾರಿಗಾದರೂ ತೆರೆದಿರುವುದು ಸಾರ್ವಜನಿಕ ಮೇಘ. ಇಂತಹ ಎರಡು ಅಥವಾ ಹೆಚ್ಚು ಮೇಘಗಳನ್ನು, ಕಡತಗಳೂ ಕೆಲಸಗಳೂ ಒಂದರಿಂದ ಇನ್ನೊಂದಕ್ಕೆ ಸಾಗುವಂತೆ ಒಟ್ಟಿಗೆ ಬೆಸೆದರೆ ಅದು ಮಿಶ್ರ ಮೇಘ. ಹೈಬ್ರಿಡ್ ಎಂದೊಡನೆ ಹೊಲದ ಹೈಬ್ರಿಡ್ ಮುಸುಕಿನ ಜೋಳವನ್ನೋ ಹತ್ತಿಯನ್ನೋ ನೆನೆಯುವವರು ಒಂದು ಭೇದವನ್ನು ಗಮನಿಸಬೇಕು. ಮಿಶ್ರತಳಿಯಲ್ಲಿ ತಾಯಿ ತಂದೆ ತಳಿಗಳು ಬೆರೆತು ಒಂದೇ ಗಿಡವಾಗುತ್ತವೆ. ಮಿಶ್ರ ಮೇಘದಲ್ಲಿ ಹಾಗಲ್ಲ. ಎರಡು ಭಾಗಗಳೂ ಬೇರೆಬೇರೆಯಾಗಿಯೇ ಉಳಿದು, ಒಂದು ನಿಯಮಕ್ಕೆ ಕಟ್ಟುಬಿದ್ದು ನಡೆಯುತ್ತವೆ. ವಾಡೆ ವಾಡೆಯಾಗಿಯೇ, ಉಗ್ರಾಣ ಉಗ್ರಾಣವಾಗಿಯೇ ಇರುವಂತೆ.

ಪಹಣಿಯ ಪಯಣ

ಕರ್ನಾಟಕದಲ್ಲಿ ಹೊಲದ ದಾಖಲೆಗಳು ಬಹುಕಾಲ ಕೈಬರಹದ ಪುಸ್ತಕಗಳಲ್ಲಿದ್ದವು. ಮೊದಲು ಶಾನುಭೋಗರು, ಆಮೇಲೆ ಗ್ರಾಮಲೆಕ್ಕಿಗರು ಅವನ್ನು ಇಟ್ಟುಕೊಳ್ಳುತ್ತಿದ್ದರು. ಸುಮಾರು 9,000 ಗ್ರಾಮಲೆಕ್ಕಿಗರ ಕೈಯಲ್ಲಿ ಹಂಚಿಹೋಗಿದ್ದ ಈ ಪುಸ್ತಕಗಳಲ್ಲಿ ಏನು ಬರೆದಿದೆಯೆಂಬುದು ರೈತನಿಗೆ ಸುಲಭವಾಗಿ ತಿಳಿಯುತ್ತಿರಲಿಲ್ಲ. ಪುಸ್ತಕ ಕಳೆದರೆ, ಗೆದ್ದಲು ಹಿಡಿದರೆ, ಒಂದು ಹೆಸರನ್ನು ಯಾರಾದರೂ ತಿದ್ದಿದರೆ, ಅದನ್ನು ಹೋಲಿಸಿ ನೋಡಲು ಇನ್ನೊಂದು ಪ್ರತಿ ಕೈಗೆ ಸಿಗುವುದು ಕಷ್ಟವಾಗಿತ್ತು.

ರಾಜ್ಯ ಸರ್ಕಾರದ ಭೂಮಿ ಯೋಜನೆ ಈ ದಾಖಲೆಗಳನ್ನು ಗಣಕಯಂತ್ರಕ್ಕೆ ಏರಿಸಿತು. 2002ರ ವೇಳೆಗೆ ಸುಮಾರು 67 ಲಕ್ಷ ಭೂಹಿಡುವಳಿದಾರರ 2 ಕೋಟಿ ಪಹಣಿಗಳು 177 ತಾಲ್ಲೂಕು ಕೇಂದ್ರಗಳಲ್ಲಿ ಗಣಕೀಕೃತವಾದವು. 15 ರೂಪಾಯಿ ಕೊಟ್ಟು ಪಹಣಿಯ ಪ್ರತಿಯನ್ನು ಪಡೆಯುವ ಅನುಕೂಲ ಅಂದು ಒದಗಿತು. ದಾಖಲೆಯನ್ನು ತಿದ್ದುವ ಅಧಿಕಾರಿ ತನ್ನ ಬೆರಳಚ್ಚನ್ನು ಯಂತ್ರಕ್ಕೆ ತೋರಿಸಿಯೇ ಒಳಹೊಗಬೇಕೆಂಬ ಕಟ್ಟಳೆಯೂ ಬಂದಿತು.

ಇಲ್ಲಿ ನಮಗೆ ಮುಖ್ಯವಾದುದು ಸಂಗ್ರಹದ ಜಾಗ. ಆರಂಭದಲ್ಲಿ ಆಯಾ ತಾಲ್ಲೂಕಿನ ದಾಖಲೆ ಆಯಾ ತಾಲ್ಲೂಕು ಕಚೇರಿಯ ಯಂತ್ರದಲ್ಲಿಯೇ ಇದ್ದಿತು. ಹುಣಸೂರಿನದು ಹುಣಸೂರಿನಲ್ಲಿ, ಕೋಟೆಯದು ಕೋಟೆಯಲ್ಲಿ. ಆಮೇಲೆ ಹೋಬಳಿ ಕೇಂದ್ರಗಳಲ್ಲಿಯೂ ಪಹಣಿ ಕೊಡಬೇಕೆಂದಾಗ, ಬ್ಯಾಂಕುಗಳೂ ನೋಂದಣಿ ಕಚೇರಿಗಳೂ ಅದೇ ದಾಖಲೆಯನ್ನು ನೋಡಬೇಕೆಂದಾಗ, ಎಲ್ಲವನ್ನೂ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರದಲ್ಲಿ ಒಟ್ಟುಗೂಡಿಸಿ, ತಾಲ್ಲೂಕುಗಳನ್ನು ಜಾಲದಿಂದ ಬೆಸೆಯಲಾಯಿತು. ಇದನ್ನು ಶಾಸ್ತ್ರೋಕ್ತವಾದ ಮಿಶ್ರ ಮೇಘವೆಂದು ನಾವು ಹೇಳುತ್ತಿಲ್ಲ. ಆದರೆ ಊರಿನಲ್ಲಿಡುವುದೋ ದೂರದಲ್ಲಿಡುವುದೋ ಎಂಬ ಪ್ರಶ್ನೆ ಇದರಷ್ಟು ಸ್ಪಷ್ಟವಾಗಿ ಬೇರೆಲ್ಲಿಯೂ ಕಾಣದು.

ತೂಕ ಎಷ್ಟು?

ಕಡತವೊಂದರ ಗಾತ್ರವನ್ನು ಮೊದಲು ಅಳೆಯೋಣ. ಗಣಕಯಂತ್ರಕ್ಕೆ ತಿಳಿದಿರುವುದು 0 ಮತ್ತು 1 ಎಂಬ ಎರಡೇ ಗುರುತುಗಳು. ಒಂದೊಂದಕ್ಕೆ ಬಿಟ್ ಎಂದು ಹೆಸರು. 8 ಬಿಟ್‌ಗಳು ಸೇರಿದರೆ ಒಂದು ಬೈಟ್. ಈಗ ರೂಢಿಯಲ್ಲಿರುವ ಯೂನಿಕೋಡ್ ಕ್ರಮದಲ್ಲಿ, ಯುಟಿಎಫ್-8 ಎಂಬ ರೀತಿಯಲ್ಲಿ ಬರೆದಾಗ, ಕನ್ನಡದ ಪ್ರತಿಯೊಂದು ಅಕ್ಷರಚಿಹ್ನೆಗೂ 3 ಬೈಟ್ ಬೇಕು. ಹುಣಸೂರು ಎಂಬ ಮಾತಿನಲ್ಲಿ ಹ, ಉಕಾರದ ಕೊಂಬು, ಣ, ಸ, ಊಕಾರದ ಕೊಂಬು, ರ, ಉಕಾರದ ಕೊಂಬು — ಹೀಗೆ 7 ಚಿಹ್ನೆಗಳಿವೆ. ಆದುದರಿಂದ ಅದು 21 ಬೈಟ್, ಎಂದರೆ 168 ಬಿಟ್.

ಒಂದು ಪಹಣಿಯಲ್ಲಿ 2,000 ಚಿಹ್ನೆಗಳಿವೆಯೆಂದು ಇಟ್ಟುಕೊಂಡರೆ ಅದರ ಗಾತ್ರ 6,000 ಬೈಟ್. ಅಂತಹ 2 ಕೋಟಿ ಪಹಣಿಗಳಿಗೆ 12,000 ಕೋಟಿ ಬೈಟ್, ಎಂದರೆ 120 ಗಿಗಾಬೈಟ್. ಇಡೀ ರಾಜ್ಯದ ಹೊಲಗಳ ಪಹಣಿ ಹೀಗೆ ಒಂದು ಅಂಗೈಯಗಲದ ಡಿಸ್ಕಿನಲ್ಲಿ ಹಿಡಿಸಿ, ಇನ್ನೂ ಜಾಗ ಮಿಗುವುದು! ಹಾಗಾದರೆ ದೊಡ್ಡ ಕೇಂದ್ರಗಳೇಕೆ? ಕೂಡಿಡುವುದಷ್ಟೇ ಆಗಿದ್ದರೆ ಕಷ್ಟವಿರಲಿಲ್ಲ. ಅದು ಕಳೆಯಬಾರದು, ಕೆಡಬಾರದು, ಕದಿಯಲ್ಪಡಬಾರದು, ಕೇಳಿದ ಕೂಡಲೆ ಸಿಗಬೇಕು, ಎಲ್ಲರಿಗೂ ಒಂದೇ ಉತ್ತರವನ್ನು ಕೊಡಬೇಕು. ಕಷ್ಟವಿರುವುದು ಇಲ್ಲಿ.

ಪ್ರತಿಗಳ ಲೆಕ್ಕ

ಡಿಸ್ಕ್ ಎಂಬುದು ಯಂತ್ರ. ಯಂತ್ರ ಕೆಡುವುದು ಸಹಜ. ಒಂದು ವರುಷದಲ್ಲಿ 100 ಡಿಸ್ಕುಗಳಲ್ಲಿ 2 ಕೆಡುತ್ತವೆಯೆಂದು ಊಹಿಸೋಣ. ಒಂದೇ ಪ್ರತಿಯಿದ್ದರೆ ಕಡತ ಕಳೆಯುವ ಸಂಭವ 100ಕ್ಕೆ 2. ಮೂರು ಡಿಸ್ಕುಗಳಲ್ಲಿ ಮೂರು ಪ್ರತಿಗಳಿದ್ದು, ಅವು ಒಂದಕ್ಕೊಂದು ಸಂಬಂಧವಿಲ್ಲದೆ ಕೆಡುವುವಾದರೆ, ಆ ವರುಷ ಮೂರೂ ಕೆಡುವ ಸಂಭವ 0.02ನ್ನು ಮೂರು ಸಲ ಗುಣಿಸಿದಷ್ಟು, ಎಂದರೆ 10 ಲಕ್ಷಕ್ಕೆ 8. ಒಂದು ಕೆಟ್ಟೊಡನೆ ಬದಲಿ ಪ್ರತಿಯನ್ನು ಮಾಡಿಟ್ಟರೆ ಈ ಸಂಭವ ಇನ್ನೂ ಕುಗ್ಗುವುದು.

ಈ ಲೆಕ್ಕದಲ್ಲಿ ‘ಸಂಬಂಧವಿಲ್ಲದೆ’ ಎಂಬ ಮಾತನ್ನು ವಿದ್ಯಾರ್ಥಿಗಳು ಮರೆಯಬಾರದು. ಮೂರು ಡಿಸ್ಕುಗಳೂ ಒಂದೇ ಕೋಣೆಯಲ್ಲಿದ್ದರೆ ಒಂದು ಬೆಂಕಿ, ಒಂದು ಸಿಡಿಲು, ಒಂದು ನೆರೆ ಮೂರನ್ನೂ ಒಟ್ಟಿಗೆ ನುಂಗುತ್ತದೆ. ಲಕ್ಷ್ಮಣತೀರ್ಥ ನದಿ ಹುಣಸೂರು ಪಟ್ಟಣದ ಮಗ್ಗುಲಲ್ಲೇ ಹರಿಯುವುದು. ಅಲ್ಲಿಯ ನೆಲಮಾಳಿಗೆಯ ಡಿಸ್ಕನ್ನು ಮುಳುಗಿಸುವ ನೀರು ನೂರಾರು ಕಿಲೋಮೀಟರ್ ದೂರದ ಕೇಂದ್ರವನ್ನು ಮುಟ್ಟದು. ದೂರದ ಪ್ರತಿಯೊಂದು ಇರಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಡ.

ಪೂರ್ಣ ಪ್ರತಿಗಳನ್ನೇ ಇಡದೆ ಜಾಗ ಉಳಿಸುವ ಉಪಾಯವೂ ಉಂಟು. ಮೊದಲ ಡಿಸ್ಕಿನಲ್ಲಿ 1011, ಎರಡನೆಯದರಲ್ಲಿ 0110 ಇದೆಯೆನ್ನೋಣ. ಮೂರನೆಯದರಲ್ಲಿ, ಪ್ರತಿ ಸ್ಥಾನದಲ್ಲಿಯೂ ಮೂರು ಸಾಲುಗಳ 1ಗಳ ಎಣಿಕೆ ಸಮಸಂಖ್ಯೆಯಾಗುವಂತೆ ಬರೆದರೆ 1101 ಆಗುತ್ತದೆ. ಈಗ ಮೊದಲನೆಯ ಡಿಸ್ಕ್ ಸುಟ್ಟುಹೋಯಿತು. ಉಳಿದ 0110 ಮತ್ತು 1101 ಇವುಗಳ ಮೇಲೆ ಅದೇ ನಿಯಮವನ್ನು ನಡೆಸಿದರೆ 1011 ತಾನಾಗಿ ಮರಳಿ ದೊರೆಯುತ್ತದೆ. ವಾಚಕರು ಕಾಗದದ ಮೇಲೆ ಬರೆದು ಪರೀಕ್ಷಿಸಿ ನೋಡಬಹುದು. ಎರಡು ಪಾಲು ಕಡತಕ್ಕೆ ಒಂದೇ ಪಾಲು ಹೆಚ್ಚಿನ ಜಾಗ ಸಾಕಾಯಿತು. ದೊಡ್ಡ ಕೇಂದ್ರಗಳು ಬಳಸುವ ಕ್ರಮ ಇದಕ್ಕಿಂತ ಜಟಿಲವಾದರೂ ತತ್ತ್ವ ಇದೇ.

ತಂತಿಯ ಹಾದಿ, ಬಸ್ಸಿನ ಹಾದಿ

ದೂರದಲ್ಲಿಟ್ಟರೆ ತಡವಾಗದೆ? ಬೆಳಕು ಗಾಜಿನ ಎಳೆಯಲ್ಲಿ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ವೇಗದಲ್ಲಿ ಸಾಗುತ್ತದೆ. 200 ಕಿಲೋಮೀಟರ್ ದಾರಿಗೆ ಒಂದು ಸೆಕೆಂಡಿನ ಸಾವಿರದಲ್ಲಿ ಒಂದು ಪಾಲು ಸಾಕು. ಒಂದು ಪಹಣಿಯನ್ನು ತರಿಸಲು ದೂರ ಅಡ್ಡಿಯಲ್ಲ.

ಆದರೆ ರಾಶಿಯನ್ನೇ ಸಾಗಿಸುವುದು ಬೇರೆ ಮಾತು. 2024ರಲ್ಲಿ ರಾಜ್ಯದ ಕಂದಾಯ ಇಲಾಖೆ ಭೂಸುರಕ್ಷಾ ಎಂಬ ಹೆಸರಿನಲ್ಲಿ ತಾಲ್ಲೂಕು ಕಚೇರಿಗಳ ಅಭಿಲೇಖಾಲಯಗಳಲ್ಲಿರುವ ಹಳೆಯ ಕಾಗದಗಳನ್ನು ಸ್ಕ್ಯಾನ್ ಮಾಡಿಸುವ ಕಾರ್ಯವನ್ನು ಕೈಗೊಂಡಿತು. ಅಕ್ಷರಗಳಿಗಿಂತ ಚಿತ್ರಗಳ ತೂಕ ಹೆಚ್ಚು. ಒಂದು ಪುಟದ ಚಿತ್ರ 5 ಲಕ್ಷ ಬೈಟ್ ಆದರೆ, 20 ಲಕ್ಷ ಪುಟಗಳಿಗೆ 1 ಟೆರಾಬೈಟ್, ಎಂದರೆ 8 ಲಕ್ಷ ಕೋಟಿ ಬಿಟ್. ಸೆಕೆಂಡಿಗೆ 2 ಕೋಟಿ ಬಿಟ್ ಸಾಗಿಸುವ ತಂತಿಯಲ್ಲಿ ಇದನ್ನು ಕಳುಹಿಸಲು 4 ಲಕ್ಷ ಸೆಕೆಂಡು, ಅರ್ಥಾತ್ ನಾಲ್ಕು ದಿನ 15 ಗಂಟೆ ಬೇಕು. ಅದನ್ನೇ ಒಂದು ಡಿಸ್ಕಿನಲ್ಲಿ ತುಂಬಿ ಬಸ್ಸಿನಲ್ಲಿ ಒಯ್ದರೆ ಹುಣಸೂರಿನಿಂದ ಬೆಂಗಳೂರಿಗೆ ಐದು ಗಂಟೆಯೆನ್ನೋಣ. ಬಸ್ಸೇ 22 ಪಟ್ಟು ಬೇಗ! ದಿನದಿನವೂ ಕೈಯಾಡಿಸಬೇಕಾದ ದೊಡ್ಡ ಕಡತಗಳನ್ನು ಊರಿನಲ್ಲಿಯೂ, ಎಂದೋ ಒಮ್ಮೆ ಬೇಕಾಗುವುದನ್ನು ದೂರದಲ್ಲಿಯೂ ಇಡುವುದು ಲೇಸೆಂದು ಇದರಿಂದ ತಿಳಿಯುತ್ತದೆ.

ಇನ್ನೊಂದು ಲಾಭವನ್ನೂ ಹೇಳಬೇಕು. ಈ ಸೀಮೆಯಲ್ಲಿ ತಂಬಾಕು ಬೆಳೆಯುವವರು ಬ್ಯಾರನ್ನಿನಲ್ಲಿ ಎಲೆಯನ್ನು ಹದಮಾಡುವ ಕೆಲವು ತಿಂಗಳು ಮಾತ್ರ ಹೆಚ್ಚಿನ ಆಳುಗಳನ್ನು ಕರೆಯುತ್ತಾರೆ. ವರುಷವಿಡೀ ಅವರಿಗೆ ಕೂಲಿ ಕೊಡುವುದಿಲ್ಲ. ಎಸ್.ಎಸ್.ಎಲ್.ಸಿ. ಫಲಿತಾಂಶದ ದಿನ ಲಕ್ಷಾಂತರ ವಿದ್ಯಾರ್ಥಿಗಳು ಒಂದೇ ಗಳಿಗೆಯಲ್ಲಿ ಅಂಕಗಳನ್ನು ನೋಡಬಯಸುತ್ತಾರೆ. ಆ ಒಂದು ದಿನಕ್ಕಾಗಿ ಸ್ವಂತ ಯಂತ್ರಗಳನ್ನು ಕೊಂಡಿಡುವುದು ದುಂದು. ಮೂಲ ಅಂಕಪಟ್ಟಿಯನ್ನು ಖಾಸಗಿ ಮೇಘದಲ್ಲಿಟ್ಟು, ಆ ದಿನದ ನೂಕುನುಗ್ಗಲನ್ನು ಬಾಡಿಗೆಯ ಮೇಘಕ್ಕೆ ಒಪ್ಪಿಸುವುದು ಮಿಶ್ರ ಪದ್ಧತಿಯಲ್ಲಿ ಸಾಧ್ಯ.

ತಂತಿ ಕಡಿದಾಗ

ಈಗ ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆಗೆ ಬರೋಣ. ಒಂದೇ ಕಡತದ ಎರಡು ಪ್ರತಿಗಳು ಎರಡು ಕಡೆ ಇವೆ. ನಡುವಣ ತಂತಿ ಕಡಿಯಿತು. ಆಗ ಯಾವ ಪ್ರತಿ ನಿಜ?

ಒಂದು ಊಹೆಯ ಉದಾಹರಣೆ. ರೈತನೊಬ್ಬ ಎರಡು ಎಕರೆ ಹೊಲವನ್ನು ಮಾರಿದ. ತಾಲ್ಲೂಕಿನ ಪ್ರತಿಯಲ್ಲಿ ಕೊಂಡವನ ಹೆಸರು ಬಂದಿತು. ತಂತಿ ಕಡಿದುದರಿಂದ ದೂರದ ಪ್ರತಿಯಲ್ಲಿ ಹಳೆಯ ಹೆಸರೇ ಉಳಿಯಿತು. ಅದೇ ದಿನ ಇನ್ನೊಂದು ಊರಿನ ಬ್ಯಾಂಕು ದೂರದ ಪ್ರತಿಯನ್ನು ನೋಡಿ, ಮಾರಿದವನಿಗೇ ಆ ಹೊಲದ ಮೇಲೆ ಸಾಲ ಕೊಟ್ಟಿತು. ಎರಡೂ ಕಡೆಯ ಯಂತ್ರಗಳು ತಮಗೆ ತಿಳಿದಂತೆ ಸರಿಯಾಗಿಯೇ ನಡೆದುವು. ಆದರೆ ಕೊಂಡವನ ಜೀವಮಾನದ ಗಳಿಕೆ ಮೊಕದ್ದಮೆಗೆ ಸಿಕ್ಕಿಬಿದ್ದಿತು.

ಇದನ್ನು ತಪ್ಪಿಸಲು ಎರಡೇ ಮಾರ್ಗಗಳು. ಸಂಪರ್ಕ ಮರಳುವವರೆಗೆ ತಿದ್ದುವುದನ್ನು ನಿಲ್ಲಿಸಬೇಕು. ಇಲ್ಲವೆ ಕೆಲಸ ಮುಂದುವರಿಸಿ, ಪ್ರತಿಗಳಲ್ಲಿ ಆಗುವ ಭೇದವನ್ನು ಆಮೇಲೆ ಸರಿಪಡಿಸುವುದಾಗಿ ಒಪ್ಪಿಕೊಳ್ಳಬೇಕು. ಸಂಪರ್ಕ ಕಡಿದಾಗ ಎಲ್ಲರಿಗೂ ಒಂದೇ ಉತ್ತರ, ಕೇಳಿದವರಿಗೆಲ್ಲ ಉತ್ತರ — ಇವೆರಡನ್ನೂ ಒಟ್ಟಿಗೆ ಪಡೆಯಲಾಗದು. 2000ದಲ್ಲಿ ಎರಿಕ್ ಬ್ರೂಯರ್ ಈ ಮಾತನ್ನು ಮುಂದಿಟ್ಟರು. 2002ರಲ್ಲಿ ಸೇತ್ ಗಿಲ್ಬರ್ಟ್ ಮತ್ತು ನ್ಯಾನ್ಸಿ ಲಿಂಚ್ ಅದನ್ನು ಗಣಿತರೀತ್ಯಾ ಸಾಧಿಸಿ ತೋರಿಸಿದರು. ಎಷ್ಟು ಹಣ ಸುರಿದರೂ ಈ ನಿಯಮವನ್ನು ದಾಟಲಾಗದು.

ಹಾಗಾದರೆ ಯಾವ ಮಾರ್ಗ ಹಿಡಿಯಬೇಕು? ಅದು ಕಡತದ ಸ್ವಭಾವವನ್ನು ಅವಲಂಬಿಸಿದೆ. 2020ರಲ್ಲಿ ಕರ್ನಾಟಕದ ರೈತರು ತಮ್ಮ ಹೊಲದ ಬೆಳೆಯ ಚಿತ್ರವನ್ನು ತಾವೇ ತೆಗೆದು ದಾಖಲಿಸಲು ಮೊಬೈಲ್ ಆ್ಯಪ್ ಬಂದಿತು. ನಾಗರಹೊಳೆಯ ಕಾಡಂಚಿನ ಹಳ್ಳಿಯ ಹೊಲದಲ್ಲಿ ಸಿಗ್ನಲ್ ಸಿಗದಿರಬಹುದು. ಆದರೆ ಚಿತ್ರ ಮೊಬೈಲಿನಲ್ಲಿಯೇ ಉಳಿದು, ಸಿಗ್ನಲ್ ಇರುವ ಜಾಗಕ್ಕೆ ಬಂದಾಗ ಕೇಂದ್ರವನ್ನು ಸೇರಿದರೆ ನಷ್ಟವೇನೂ ಇಲ್ಲ. ಬೆಳೆಯ ಚಿತ್ರ ಎರಡು ದಿನ ತಡವಾಗಬಹುದು. ಒಡೆತನದ ಹೆಸರು ಮಾತ್ರ ಎರಡು ಕಡೆ ಎರಡಾಗಬಾರದು. ಮೊದಲನೆಯದಕ್ಕೆ ಮುಂದುವರಿಯುವ ಮಾರ್ಗ, ಎರಡನೆಯದಕ್ಕೆ ನಿಲ್ಲುವ ಮಾರ್ಗ. ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂದು ಕಚೇರಿಯಲ್ಲಿ ಹೇಳಿದಾಗ ನಮಗೆಲ್ಲ ಬೇಸರವಾಗುವುದು ನಿಜ. ಕೆಲವೊಮ್ಮೆ ಅದು ವ್ಯವಸ್ಥೆಯ ಕೊರತೆ. ಆದರೆ ಹಕ್ಕನ್ನು ಬದಲಿಸುವ ಕೆಲಸದಲ್ಲಿ, ಎರಡು ಸತ್ಯಗಳು ಹುಟ್ಟುವುದಕ್ಕಿಂತ ಒಂದು ದಿನ ಕಾಯುವುದು ಮೇಲು.

ಬೀಗ ಯಾರದು, ಕೀಲಿ ಯಾರಲ್ಲಿ?

ಪರರ ಉಗ್ರಾಣದಲ್ಲಿಟ್ಟ ಮೂಟೆಗೆ ನಮ್ಮದೇ ಮೊಹರು ಇರಬೇಕಲ್ಲವೆ? ಕಡತಕ್ಕೂ ಹಾಗೆಯೇ. ಸಾರ್ವಜನಿಕ ಮೇಘಕ್ಕೆ ಕಳುಹಿಸುವ ಮುನ್ನ ಕಡತವನ್ನು ಗೂಢಲಿಪಿಗೆ ತಿರುಗಿಸಿ, ಅದನ್ನು ಬಿಡಿಸುವ ಕೀಲಿಯನ್ನು ನಮ್ಮ ಬಳಿಯಲ್ಲಿಯೇ ಇಟ್ಟುಕೊಂಡರೆ, ಉಗ್ರಾಣದವನು ಮೂಟೆಯನ್ನು ಹೊತ್ತರೂ ಒಳಗೇನಿದೆಯೆಂದು ಕಾಣಲಾರನು. ಕೀಲಿಯೇ ಕಳೆದರೆ ನಮಗೂ ಕಾಣದು ಎಂಬುದನ್ನು ನೆನಪಿಡಬೇಕು.

ಮೊಹರಿನ ಕೆಲಸವನ್ನು ಮಾಡುವುದು ಹ್ಯಾಶ್ ಎಂಬ ಗಣಿತಕ್ರಿಯೆ. ಎಸ್‌ಎಚ್‌ಎ-256 ಎಂಬ ಕ್ರಮ ಎಷ್ಟು ದೊಡ್ಡ ಕಡತದಿಂದಲಾದರೂ 256 ಬಿಟ್‌ಗಳ ಒಂದು ಗುರುತನ್ನು ತೆಗೆಯುತ್ತದೆ. ಕಡತದಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಗುರುತು ಪೂರ್ತಿ ಬೇರೆಯಾಗುತ್ತದೆ. ಗುರುತನ್ನು ಬೇರೆಡೆ ಬರೆದಿಟ್ಟು ಆಗಾಗ ಹೋಲಿಸಿದರೆ, ಯಾರೋ ತಿದ್ದಿದುದೂ ಡಿಸ್ಕ್ ತಾನಾಗಿ ಕೆಟ್ಟುದೂ ಬಯಲಾಗುತ್ತದೆ.

ಕಡೆಯದಾಗಿ, ಬಹುಜನರು ಮಾಡುವ ಒಂದು ತಪ್ಪನ್ನು ಹೇಳಲೇಬೇಕು. ಎರಡು ಪ್ರತಿಗಳನ್ನು ಸದಾ ಒಂದೇ ರೀತಿಯಲ್ಲಿಡುವ ಏರ್ಪಾಡು ಕಾಪಿಡುವ ಏರ್ಪಾಡಲ್ಲ. ಇಲ್ಲಿ ಅಳಿಸಿದುದು ಅಲ್ಲಿಯೂ ಅಳಿಯುತ್ತದೆ. ಇಲ್ಲಿಯ ಕಡತಕ್ಕೆ ದುಷ್ಟ ತಂತ್ರಾಂಶವೊಂದು ಬೀಗ ಹಾಕಿ ಹಣ ಕೇಳಿದರೆ, ಆ ಬೀಗ ಕ್ಷಣಮಾತ್ರದಲ್ಲಿ ದೂರದ ಪ್ರತಿಗೂ ಬೀಳುತ್ತದೆ. ಆದುದರಿಂದಲೇ ಬಲ್ಲವರು 3-2-1 ಎಂಬ ಸೂತ್ರವನ್ನು ಹೇಳುತ್ತಾರೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ. ಇವುಗಳಲ್ಲಿ ಒಂದಾದರೂ ತಂತಿಯಿಂದ ಬಿಡಿಸಿಟ್ಟುದಾಗಿದ್ದರೆ ಇನ್ನೂ ಕ್ಷೇಮ. ನೆಲದೊಳಗೆ ಮುಚ್ಚಿಟ್ಟ ಹಗೇವು ಇದೇ ಕೆಲಸವನ್ನು ಮಾಡುತ್ತಿತ್ತು. ದಿನಬಳಕೆಯ ಕೈ ಅದಕ್ಕೆ ತಾಗುತ್ತಿರಲಿಲ್ಲ.

ನಮ್ಮ ವಿದ್ಯಾರ್ಥಿಮಿತ್ರರು ಮುಂದಿನ ಸಲ ತಂದೆತಾಯಿಗಳೊಡನೆ ನಾಡಕಚೇರಿಗೆ ಹೋದಾಗ, ಕೈಗೆ ಬಂದ ಪಹಣಿಯನ್ನು ನೋಡಿ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಲಿ. ಇದರ ಮೂಲಪ್ರತಿ ಎಲ್ಲಿದೆ? ಇನ್ನೆಷ್ಟು ಪ್ರತಿಗಳಿವೆ? ಅವು ಬೇರೆಯಾದರೆ ಯಾವುದರ ಮಾತು ನಡೆಯುವುದು? ಕೀಲಿ ಯಾರಲ್ಲಿದೆ? ತಮ್ಮ ಮನೆಯ ಮದುವೆಯ ಚಿತ್ರಗಳಿಗೂ, ತಮ್ಮ ಅಂಕಪಟ್ಟಿಗೂ ಇದೇ ಪ್ರಶ್ನೆಗಳು ಅನ್ವಯಿಸುತ್ತವೆ. ಈ ನಾಲ್ಕಕ್ಕೂ ಉತ್ತರ ಬಲ್ಲವನು ಮಿಶ್ರ ಮೇಘದ ತತ್ತ್ವವನ್ನು ಅರಿತಂತೆಯೇ ಸರಿ.